ಮೈಕೈ ತುಂಬಿಕೊಂಡ ಕಡಸು

ನಾವು ಹೆಂಗಸರು ಸೇರಿದರೆ ಮಾತು ಮೈಯಿಂದಲೇ ಶುರುವಾಗುತ್ತದೆ. ಮದುವೆ ಮನೆಯಲ್ಲಿ ವರ್ಷದ ಮೇಲೆ ಕಂಡವರು ಕ್ಷೇಮಸಮಾಚಾರಕ್ಕೂ ಮೊದಲೇ "ಅಯ್ಯೋ, ಎಷ್ಟು ಸೊರಗಿದ್ದೀಯೇ!" ಎನ್ನುತ್ತಾರೆ. ಇಲ್ಲವೇ "ಪರವಾಗಿಲ್ಲ, ಮೈಕೈ ತುಂಬಿಕೊಂಡಿದ್ದೀಯ" ಎನ್ನುತ್ತಾರೆ. ಎರಡನ್ನೂ ಹೇಳುವುದು ಉಟ್ಟ ಸೀರೆ ನೋಡಿ. ಹದಿನೈದು ದಿನ ನಿದ್ದೆಗೆಟ್ಟವಳೂ ಗಂಜಿ ಹಾಕಿದ ಹತ್ತಿ ಸೀರೆ ಉಟ್ಟು ಬಂದರೆ ಮೈಕೈ ತುಂಬಿಕೊಂಡವಳೇ. ದನಗಳ ವಿಷಯದಲ್ಲಿ ಈ ಸೀರೆಯ ಕೆಲಸ ಮಾಡುವುದು ಹೊಟ್ಟೆ.

ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಚುಕ್ಕಿ ಎಂಬ ಕಡಸಿತ್ತು. ಕಡಸೆಂದರೆ ಇನ್ನೂ ಕರು ಹಾಕದ ಹರೆಯದ ಹಸು. ಬಯಲುಸೀಮೆಯವರು ಮಣಕ ಎನ್ನುತ್ತಾರೆ. ಜರ್ಸಿ ಮಿಶ್ರತಳಿ. ತಾಯಿ ಸತ್ತ ಮೇಲೆ ಅಕ್ಕನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಬೆಳಿಗ್ಗೆ ಬೇಣಕ್ಕೆ ಮೇಯಲು ಹೋಗಿ ಸಂಜೆ ಡೊಳ್ಳಿನಂಥ ಹೊಟ್ಟೆ ಅಲ್ಲಾಡಿಸುತ್ತ ಬರುತ್ತಿತ್ತು. ಆದರೆ 22 ತಿಂಗಳು ತುಂಬಿದರೂ ಬೆದೆಗೆ ಬಂದಿರಲಿಲ್ಲ. "ಇಷ್ಟು ಮೈ ಬಂದ ಮೇಲೂ ಬೆದೆ ಇಲ್ಲ ಅಂದ್ರೆ ಇದು ಗೊಡ್ಡೇ" ಎಂದು ಭಾವ ತೀರ್ಮಾನಿಸಿದ್ದರು. ದಲ್ಲಾಳಿಯೂ ಬಂದು, ಪಕ್ಕದಲ್ಲಿ ನಿಂತು ಮೇಲಿಂದ ಕೆಳಗೆ ಕಣ್ಣಾಡಿಸಿ, ಬೆನ್ನಿಗೊಂದು ತಟ್ಟಿ ಬೆಲೆ ಹೇಳಿ ಹೋಗಿದ್ದ. (ಹೆಣ್ಣು ನೋಡಲು ಬಂದವರ ಮುಂದೆ ಕೂತವರಿಗೆ ಆ ಕಣ್ಣಾಡಿಸುವಿಕೆಯನ್ನು ನಾನು ವಿವರಿಸಬೇಕಿಲ್ಲ.) ಗೋಪೂಜೆಗೆ ಮೊದಲು ದನ ಮಾರಬಾರದೆಂದು ಅಕ್ಕ ಹಟ ಹಿಡಿದದ್ದರಿಂದ ದೀಪಾವಳಿ ಕಳೆದ ಮೇಲೆ ಎಂದಾಗಿತ್ತು.

ಅಕ್ಕನಿಗೆ ಅದು ಬರೀ ಪ್ರೀತಿಯ ಮಾತಾಗಿರಲಿಲ್ಲ. ಅಡಿಕೆಯ ದುಡ್ಡು ಭಾವನ ಕೈಯದು. ಡೈರಿಗೆ ಹಾಕುವ ಹಾಲಿನ ದುಡ್ಡೊಂದೇ ಅವಳದು. ಕೊಟ್ಟಿಗೆಯಲ್ಲಿದ್ದ ಇನ್ನೊಂದು ಹಸುವಿಗೆ ವಯಸ್ಸಾಗಿತ್ತು. ಚುಕ್ಕಿಯೂ ಹೋದರೆ, ಮಗಳಿಗೆ ಒಂದು ಜೊತೆ ಚಪ್ಪಲಿ ತರಲೂ ಅವಳು ಭಾವನ ಮುಖ ನೋಡಬೇಕು.

ಆ ಹಬ್ಬಕ್ಕೆ ನಾನೂ ಹೋಗಿದ್ದೆ. ಮಾರನೆಯ ದಿನ ಪಕ್ಕದ ಮನೆಯ ಹಸು ನೋಡಲು ಬಂದ ಪಶುವೈದ್ಯೆಯನ್ನು ಅಕ್ಕ ಅಂಗಳದಿಂದಲೇ ಕೂಗಿ ಕರೆದಳು. ಇನ್ನೂ ಸಣ್ಣ ವಯಸ್ಸಿನ ಹುಡುಗಿ. "ಡಾಕ್ಟ್ರಮ್ಮ, ನಮ್ಮ ಕಡಸು ಮೈ ತುಂಬಿಕೊಂಡಿದೆ, ಆದ್ರೆ ಬೆದೆಗೇ ಬರೋದಿಲ್ಲ" ಎಂದಳು. ಆಕೆ ಕಡಸಿನ ಪಕ್ಕಕ್ಕೆ ಬರಲೇ ಇಲ್ಲ. ಹಿಂದೆ ಹೋಗಿ ನಿಂತಳು. ಆಮೇಲೆ ಬೆನ್ನ ಮೇಲೆ ಕೈಯಿಟ್ಟು, "ಮೈ ಎಲ್ಲಿ ತುಂಬಿಕೊಂಡಿದೆ ಅಮ್ಮ? ಹೊಟ್ಟೆ ತುಂಬಿಕೊಂಡಿದೆ ಅಷ್ಟೆ" ಎಂದಳು.

ಆಕೆ ತೋರಿಸಿಕೊಟ್ಟದ್ದನ್ನು ನೀವು ಕೂತಲ್ಲೇ ಮಾಡಿ ನೋಡಬಹುದು. ಮುಷ್ಟಿ ಕಟ್ಟಿ ಇನ್ನೊಂದು ಕೈಯ ಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ. ಒಂದೊಂದೂ ಚೂಪಾಗಿ ಎಣಿಕೆಗೆ ಸಿಗುತ್ತದೆ. ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ನಡುವೆ, ಬೆನ್ನಿನಿಂದ ಅಡ್ಡಲಾಗಿ ಚಾಚಿಕೊಂಡ ಗಿಡ್ಡ ಎಲುಬುಗಳಿವೆ. ಅಲ್ಲಿ ಕೈಗೆ ಹೀಗೆ ಸಿಕ್ಕರೆ ಕಡಸು ಬಡವಾಗಿದೆ. ಈಗ ಮುಷ್ಟಿ ಬಿಚ್ಚಿ, ಚಾಚಿದ ಬೆರಳುಗಳ ಹಿಂಬದಿಯನ್ನು ಸವರಿ. ಸ್ವಲ್ಪ ಒತ್ತಿದರೆ ಮಾತ್ರ ಎಲುಬು ತಿಳಿಯುತ್ತದೆ, ಹದವೆಂದರೆ ಅದು. ಅಂಗೈ ಬುಡದ ಮೆತ್ತೆಯ ಹಾಗೆ ಎಲುಬೇ ಸಿಗದಿದ್ದರೆ ಕೊಬ್ಬು ಹೆಚ್ಚಾಯಿತು. ಆಮೇಲೆ ಬಾಲದ ಬುಡ ನೋಡಬೇಕು. ಅದರ ಎರಡು ಬದಿ ಗುಳಿ ಬಿದ್ದಿದ್ದರೆ ಬಡವು, ಗುಳಿ ಮುಚ್ಚಿ ಉಂಡೆ ಕಟ್ಟಿದ್ದರೆ ಕೊಬ್ಬು. ಸೊಂಟದ ಎರಡು ಎಲುಬೂ ಸೀರೆ ನೇತುಹಾಕುವ ಗೂಟದಂತೆ ಎದ್ದಿರಬಾರದು.

ಇದಕ್ಕೆ ಒಂದರಿಂದ ಐದರವರೆಗೆ ಅಂಕವಿದೆ. 1982ರಲ್ಲಿ ಅಮೆರಿಕದ ವರ್ಜೀನಿಯಾದವರೂ 1989ರಲ್ಲಿ ಕ್ಯಾಲಿಫೋರ್ನಿಯಾದವರೂ ಹಾಲಿನ ಹಸುಗಳಿಗಾಗಿ ಬರೆದಿಟ್ಟ ಪದ್ಧತಿಯಂತೆ. ಒಂದೆಂದರೆ ಎಲುಬಿನ ಗೂಡು, ಐದೆಂದರೆ ಕೊಬ್ಬಿನ ಮುದ್ದೆ. ಬೆಳೆಯುವ ಕಡಸು ಮೂರರ ಆಸುಪಾಸಿನಲ್ಲಿದ್ದರೆ ಚೆನ್ನ. ಚುಕ್ಕಿಗೆ ಸಿಕ್ಕಿದ್ದು ಎರಡು. ಅಕ್ಕನ ಮುಖ ಸಣ್ಣದಾಯಿತು. "ದಿನಾ ಮೈ ತೊಳೀತೀನಿ, ನನ್ನ ಕೈಗೆ ಗೊತ್ತಾಗ್ಲಿಲ್ವಲ್ಲ ಮಾರಾಯ್ತಿ" ಎಂದಳು. ದಿನಾ ನೋಡುವವರಿಗೆ ಗೊತ್ತಾಗುವುದು ಕಷ್ಟವೇ. ನಮ್ಮ ಮಕ್ಕಳು ಉದ್ದವಾದದ್ದನ್ನು ಹೇಳುವವರೂ ನೆಂಟರೇ ತಾನೆ?

ಹಾಗಾದರೆ ಆ ಹೊಟ್ಟೆ? ಮಳೆಗಾಲದ ಎಳೆ ಹುಲ್ಲಿನಲ್ಲಿ ನೀರೇ ಹೆಚ್ಚು. ದೀಪಾವಳಿ ಹೊತ್ತಿಗೆ ಬೇಣದ ಹುಲ್ಲು ಬಲಿತು ತೆನೆ ಬಿಟ್ಟು ಕರಡವಾಗುತ್ತದೆ, ಆಗ ನಾರೇ ಹೆಚ್ಚು. ನಾರು ಬೇಗ ಕರಗುವುದಿಲ್ಲ. ಹೊಟ್ಟೆಯೊಳಗೆ ದಿನಗಟ್ಟಲೆ ಕೂತು ಅದನ್ನು ಮೂಟೆ ಮಾಡುತ್ತದೆ. ಹೊಟ್ಟೆಯಲ್ಲಿ ಹುಳುವಿದ್ದರೂ ಅಷ್ಟೆ, ಡೊಳ್ಳು ಮುಂದೆ, ಬೆನ್ನು ಗರಗಸ. ಚುಕ್ಕಿಯ ರೋಮ ಹೊಳಪಿಲ್ಲದೆ ನೆಟ್ಟಗೆ ನಿಂತದ್ದನ್ನೂ ಆಕೆ ತೋರಿಸಿದಳು. ಸಗಣಿ ಪರೀಕ್ಷೆಯಲ್ಲಿ ಹುಳುವಿನ ಮೊಟ್ಟೆಗಳು ಸಿಕ್ಕವು.

ಭಾವ ಅಷ್ಟಕ್ಕೇ ಸೋಲುವವರಲ್ಲ. "ಕೈಲಿ ಮುಟ್ಟಿ ಹೇಳೋದು ಭವಿಷ್ಯ ಹೇಳಿದ ಹಾಗೆ" ಎಂದರು. ಆಗ ಕೆಲಸಕ್ಕೆ ಬಂದದ್ದು ಅಕ್ಕನ ಹೊಲಿಗೆಯ ಟೇಪು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 52 ಇಂಚು, ಭುಜದ ತುದಿಯಿಂದ ಬಾಲದ ಪಕ್ಕದ ಎಲುಬಿನವರೆಗೆ ಉದ್ದ 44 ಇಂಚು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ಲೆಕ್ಕದ ತೂಕ. ಭಾವನೇ ಅಡಿಕೆ ಮಂಡಿಯ ಚೀಟಿಯ ಹಿಂದೆ ಲೆಕ್ಕ ಹಾಕಿದರು: 180. ಮಿಶ್ರತಳಿ ಕಡಸು ಗರ್ಭ ಕಟ್ಟಿಸಲು ಸುಮಾರು 250 ಆಗಬೇಕು. ಬೆದೆ ಬರುವುದು ವಯಸ್ಸಿಗಿಂತ ತೂಕವನ್ನು ನೆಚ್ಚಿಕೊಂಡಿರುತ್ತದೆ. (ನಮ್ಮ ಮಲೆನಾಡು ಗಿಡ್ಡಕ್ಕೆ ಈ ಲೆಕ್ಕ ಹೊಂದದು; ಅದು ಪೂರ್ತಿ ಬೆಳೆದರೂ ಅಷ್ಟು ತೂಗದು.) ಹೊಲಿಗೆಯ ಟೇಪು 60 ಇಂಚಿನದು. ಬೆಳೆದ ಹಸುವಿಗೆ ಸಾಲದು, ಕಡಸಿಗೆ ಸಾಕು. "ಅಕ್ಷಯ ತದಿಗೆಯವರೆಗೆ ನೋಡುವ" ಎಂದು ಭಾವ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

ಅಕ್ಕನ ಉತ್ಸಾಹ ನೋಡಬೇಕಿತ್ತು. ಅಂದೇ ಸಂಜೆ ಗಂಜಿ, ಬೆಲ್ಲ, ಉಳಿದ ಹೋಳಿಗೆ ಎಲ್ಲ ಕೊಟ್ಟಿಗೆಗೆ ಹೊರಟಿತು. ಡಾಕ್ಟ್ರಮ್ಮ ಇದನ್ನು ಊಹಿಸಿಯೇ ಹೇಳಿದ್ದಳು: ಅವಸರದಿಂದ ಕೊಬ್ಬಿಸಬೇಡಿ. ಹರೆಯ ತುಂಬುವ ಮೊದಲು ಕಡಸು ಅತಿಯಾಗಿ ಕೊಬ್ಬಿದರೆ ಹಾಲಿನ ಗ್ರಂಥಿ ಬೆಳೆಯಬೇಕಾದ ಕೆಚ್ಚಲಿನಲ್ಲಿ ಕೊಬ್ಬು ಕೂರುತ್ತದೆ. ಮುಂದೆ ಹಾಲು ಕಡಿಮೆ. ಕರು ಹಾಕುವಾಗ ಕೊಬ್ಬಿದ್ದರೆ ಹೆರಿಗೆಯೂ ಕಷ್ಟ. ಎತ್ತರವಾಗದೆ ಅಂಕ ಮಾತ್ರ ನಾಲ್ಕಾದರೆ ಅದು ಬೆಳವಣಿಗೆಯಲ್ಲ. ಮೊದಲು ಎಲುಬು, ಆಮೇಲೆ ಮಾಂಸ, ಕೊಬ್ಬು ಕೊನೆಗೆ ಬರಬೇಕು. ಹಾಗಾಗಿ ಹುಳುವಿನ ಔಷಧ, ದಿನಕ್ಕೆ ಒಂದೂವರೆ ಕಿಲೋ ದಾಣಿ, ಒಂದು ಹಿಡಿಗಿಂತ ಕಡಿಮೆ ಖನಿಜ ಮಿಶ್ರಣ, ಹಸಿ ಮೇವು. ಹೋಳಿಗೆ ವಾಪಸು ಅಡಿಗೆ ಮನೆಗೆ ಬಂತು.

ಪ್ರತಿ ತಿಂಗಳು ಮೊದಲ ದಿನ ಅಕ್ಕ ಟೇಪು ಹಿಡಿದು ಗೋಡೆ ಕ್ಯಾಲೆಂಡರಿನಲ್ಲಿ ಅಳತೆ ಬರೆಯುತ್ತಿದ್ದಳು, ಹಾಲಿನ ಲೆಕ್ಕದ ಪಕ್ಕದಲ್ಲೇ. ಹೊಟ್ಟೆ ಇಳಿದದ್ದು ಕಂಡು ಊರವರು "ಕಡಸು ಸೊರಗಿತಲ್ಲ" ಎಂದರು. ಬೆನ್ನು ಮುಚ್ಚಿಕೊಳ್ಳುತ್ತಿದ್ದದ್ದು ಅವಳ ಕೈಗೆ ಮಾತ್ರ ಗೊತ್ತಿತ್ತು. ದಲ್ಲಾಳಿ ಮತ್ತೊಮ್ಮೆ ಬಂದು ಬೆಲೆ ಇಳಿಸಿ ಹೇಳಿದ. ಭಾವ ಅವನಿಗೆ ಚಹಾ ಕೊಡಿಸಿ ಕಳಿಸಿದರು.

ಅಕ್ಷಯ ತದಿಗೆಗೆ ನಾಲ್ಕು ದಿನವಿದ್ದಾಗ ಚುಕ್ಕಿ ರಾತ್ರಿಯೆಲ್ಲ ಕೂಗಿತು. ಸುತ್ತಳತೆ 58, ಉದ್ದ 48. ತೂಕ 245ರ ಹತ್ತಿರ. ಅದನ್ನು ಬಿಟ್ಟು ಮುಂದಿನ ಬೆದೆಗೆ, 21 ದಿನ ಕಳೆದು, ಗರ್ಭ ಕಟ್ಟಿಸಿದರು. ಶಿವರಾತ್ರಿಯ ಆಸುಪಾಸಿಗೆ ಹೆಣ್ಣುಗರು.

ಕರು ಹಾಕಿ ಒಂದೂವರೆ ತಿಂಗಳಾದ ಮೇಲೆ ಅಕ್ಕನ ಫೋನು ಬಂತು. ನನ್ನ ಕ್ಷೇಮ ಕೇಳುವುದಕ್ಕಲ್ಲ. "ಬೆನ್ನೆಲುಬು ಮತ್ತೆ ಕೈಗೆ ಸಿಗ್ತಾ ಇದೆ ಕಣೆ. ಮೂರಿದ್ದದ್ದು ಎರಡೂವರೆಗೆ ಇಳಿದಿದೆ. ಹಾಲಿಗೆ ಇಳಿದ ಮೇಲೆ ಇಷ್ಟು ಸಹಜ ಅಂತ ಡಾಕ್ಟ್ರಮ್ಮ ಹೇಳಿದ್ರು, ಹಿಂಡಿ ಸ್ವಲ್ಪ ಜಾಸ್ತಿ ಮಾಡಿದೀನಿ" ಎಂದಳು.