ಹಂದರದ ಹುಚ್ಚು

ಕೆಲವರಿಗೆ ಇಸ್ಪೀಟಿನ ಹುಚ್ಚು. ನಮ್ಮ ಹಾವೇರಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಕೊಬ್ಬರಿ ಹೋರಿಯ ಹುಚ್ಚು ಹತ್ತದವರೇ ಕಡಿಮೆ. ನನ್ನದು ಬೇರೆ. ನನಗೆ ಮಂದಿಯ ಮದುವೆಯ ಹುಚ್ಚು. ಕುಪ್ಪೇಲೂರಿನಲ್ಲಿ ಯಾರ ಮನೆಯಲ್ಲಾದರೂ ನಿಶ್ಚಯವಾದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವರು ಕರೆಯುವ ಮೊದಲೇ ನನ್ನ ಕೈ ಇನ್ನೂರು ಪುಟದ ನೋಟ್‌ಬುಕ್ ಹುಡುಕುತ್ತದೆ. ಹಂದರದ ಬಾಗಿಲು ಯಾವ ದಿಕ್ಕಿಗೆ, ಬೀಗರನ್ನು ಇಳಿಸುವುದು ಎಲ್ಲಿ, ಸಿಟ್ಟಿನ ಸ್ವಾದರಮಾವನನ್ನು ಯಾರ ಮಗ್ಗುಲಿಗೆ ಕೂಡಿಸಬೇಕು ಎಂಬುದೆಲ್ಲ ಅದರಲ್ಲಿದೆ. ದುಡ್ಡು ತಗೊಳ್ಳುವುದಿಲ್ಲ. ತಗೊಂಡಿದ್ದರೆ ಇದನ್ನು ಕಸುಬು ಅನ್ನಬಹುದಿತ್ತು. ಬೈಗುಳ ತಿಂದೂ ಬಿಡದೆ ಮಾಡುತ್ತಿರುವುದರಿಂದ ಹುಚ್ಚು ಎನ್ನುವುದೇ ಸರಿ.

ಈಚೆಗೆ ಆ ನೋಟ್‌ಬುಕ್ಕಿಗೆ ಹೊಸ ಶಬ್ದವೊಂದು ಸೇರಿದೆ: ಥೀಮ್. ಅದನ್ನು ಊರಿಗೆ ತಂದವನು ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮ ಓಣಿಯ ಹುಡುಗ. "ಕಾಕಾ, ಥೀಮ್ ಇಲ್ಲದ ಮದುವಿ ಈಗ ಮದುವಿನ ಅಲ್ಲ. ನಂದು ರಾಜಸ್ಥಾನಿ ಥೀಮ್," ಅಂದ. ನಾನೂ ಹುರುಪಿನಿಂದ ಹೂಂ ಅಂದೆ. ಹಂದರದ ಮುಂದೆ ಅರಮನೆಯ ಕಮಾನು ಬಂತು, ಅದರ ಎರಡೂ ಬದಿಗೆ ಥರ್ಮಾಕೋಲಿನ ಆನೆಗಳು ಬಂದವು. ಮಧ್ಯಾಹ್ನದ ಹೊತ್ತಿಗೆ ಗಾಳಿಯೂ ಬಂತು. ಎಡಗಡೆಯ ಆನೆ ಮೊದಲು ಕಿವಿ ಅಲ್ಲಾಡಿಸಿತು, ಆಮೇಲೆ ಎದ್ದು ನಿಂತಿತು, ಕಡೆಗೆ ಬೀಗರ ತಲೆಯ ಮೇಲಿಂದ ಹಾದು ಪಕ್ಕದ ಹಿತ್ತಲಿನ ಬಣವೆಯ ಮೇಲೆ ಹೋಗಿ ಕೂತಿತು. ಅಲ್ಲಿದ್ದ ಎಮ್ಮೆ ಅದರ ಸೊಂಡಿಲನ್ನು ಮೂಸಿ ನೋಡಿ ಮುಖ ತಿರುವಿತು. "ಇರಲಿ ಬಿಡ್ರಿ, ನಮ್ಮ ಬಣವಿಗೂ ಆನಿ ಏರಿ ಬಂತಲ್ಲ," ಅಂದ ಆ ಮನೆಯ ಮುದುಕ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಹೊರಗಿನಿಂದ ತಂದು ನಿಲ್ಲಿಸಿದ ಥೀಮ್ ಗಾಳಿಗೆ ಹಾರತೈತಿ."

ತನ್ನ ಮನಸ್ಸಿಗೆ ಒಪ್ಪುವ ಮದುವೆಯನ್ನು ತಾನೇ ರೂಪಿಸಿಕೊಳ್ಳುವುದು ಕನ್ನಡಿಗರಿಗೆ ಹೊಸದಲ್ಲ. ನಮ್ಮೂರ ಹೆಸರಿಗೆ ಪ್ರಾಸ ಕೂಡುವ ಕುಪ್ಪಳಿಯ ಕುವೆಂಪು, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. ವರದಕ್ಷಿಣೆಯಿಲ್ಲ, ಆಡಂಬರವಿಲ್ಲ, ಹುಡುಗ ಹುಡುಗಿ ಅರ್ಥ ತಿಳಿದು ನಾಲ್ಕು ಜನರೆದುರು ಪ್ರತಿಜ್ಞೆ ಮಾಡಿದರೆ ಅದೇ ಲಗ್ನ. ಮುಂದೆ ರೈತ ಸಂಘದ ಹಸಿರು ಶಾಲಿನವರು ಅದನ್ನು ಹಳ್ಳಿ ಹಳ್ಳಿಗೆ ಒಯ್ದರು. ಕುವೆಂಪು ಬೇಡದ್ದನ್ನು ಕಳೆಯುತ್ತ ಹೋದವರು. ನನಗೆ ಅಷ್ಟು ಕಳೆಯುವ ಧೈರ್ಯವಿಲ್ಲ. ಬಾಸಿಂಗ ಬೇಕು, ಸೋಬಾನ ಪದ ಬೇಕು, ಗೋದಿ ಹುಗ್ಗಿಯಂತೂ ಬೇಕೇ ಬೇಕು. ಆದರೆ ಕುಪ್ಪಳಿಯಿಂದ ಒಂದು ಮಾತು ಕಲಿತಿದ್ದೇನೆ: ಇಟ್ಟುಕೊಂಡದ್ದು ಯಾಕೆಂದು ಗೊತ್ತಿರಬೇಕು.

ಇದು ಕೈಗೆ ಹತ್ತಿದ್ದು ನಮ್ಮ ಅಣ್ಣನ ಮಗಳ ಮದುವೆಯಲ್ಲಿ. "ಕಾಕಾ, ನಂಗೂ ಥೀಮ್ ಬೇಕು, ಆದ್ರ ಆನಿ ಬ್ಯಾಡ," ಅಂದಳು. "ನಿಮ್ಮ ಅಟ್ಟದ ಮ್ಯಾಲೆ ಏನೈತಿ, ಹತ್ತಿ ನೋಡೂಣು ನಡಿ," ಅಂದೆ. ಹಳೆಯ ಚೀಲಗಳು, ತೂತು ಬಿದ್ದ ತಗಡಿನ ಡಬ್ಬಿ, ಬೀಜದ ಪಾಕೀಟಿನ ಖಾಲಿ ಕವರು, ಒಂದು ಬುಟ್ಟಿಯ ತುಂಬ ಬಣ್ಣಬಣ್ಣದ ದಾರದ ಉಂಡೆಗಳು. ದಾರ ಕೈಯಲ್ಲಿ ಹಿಡಿದು ಅವಳು ನಕ್ಕಳು. "ಇದು ಅವ್ವನ ಕ್ರಾಸಿಂಗ್ ದಾರ."

ನಮ್ಮ ರಾಣೆಬೆನ್ನೂರು ಬೀಜದ ಸೀಮೆ. ಇಲ್ಲಿ ಹೈಬ್ರಿಡ್ ಬೀಜ ತೆಗೆಯುವ ಹೊಲಗಳಲ್ಲಿ ದಿನವೂ ಸಾವಿರಾರು ಮದುವೆ ನಡೆಯುತ್ತವೆ. ಸಂಜೆ ಹೆಣ್ಣುಮಕ್ಕಳು ಸಾಲು ಹಿಡಿದು, ಮರುದಿನ ಅರಳುವ ಹತ್ತಿ ಮೊಗ್ಗನ್ನೇ ಆರಿಸಿ, ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ, ಎಸಳು ಕೇಸರಗಳನ್ನು ಒಟ್ಟಿಗೆ ಕಳಚುತ್ತಾರೆ. ನಡುವಿನ ಎಳೆಯ ಕಡ್ಡಿಗೆ ಉಗುರು ತಾಗಬಾರದು. ತಾಗಿತೋ, ಕಾಯಿ ಹೋಯಿತು. ಮುಂಜಾನೆ ಗಂಡು ಹೂವು ತಂದು ಅದರ ಪರಾಗವನ್ನು ಆ ಕಡ್ಡಿಯ ತುದಿಗೆ ಮೆಲ್ಲಗೆ ಸವರಿ, ತೊಟ್ಟಿಗೆ ಗುರುತಿನ ದಾರ ಕಟ್ಟುತ್ತಾರೆ. ಇದಕ್ಕೇ ಕ್ರಾಸಿಂಗ್ ಅನ್ನುವುದು. ದಾರ ಬಿದ್ದ ಮೇಲೆ ಅದು ಲಗ್ನವಾದ ಹೂವು. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂವಿಗೆ ಸಾಲುತ್ತದೆ ಎಂಬ ವಿಷಯವನ್ನು ಮಾತ್ರ ಮದುಮಗಳ ಕಟ್ಟಪ್ಪಣೆಯ ಮೇರೆಗೆ ನಾವು ಥೀಮಿನಿಂದ ಕೈಬಿಟ್ಟೆವು. ಧಾರವಾಡದ ವಿಜ್ಞಾನಿಗಳು ಹೀಗೆ ಬೆರೆಸಿ 1972ರಲ್ಲಿ ಹೊರತಂದ ಹತ್ತಿಯ ಹೆಸರು ವರಲಕ್ಷ್ಮಿ; ಆಮೇಲೆ ಬಂದದ್ದು ಜಯಲಕ್ಷ್ಮಿ. ಲಗ್ನಪತ್ರಿಕೆಯಿಂದಲೇ ಎದ್ದು ಬಂದ ಹೆಸರುಗಳು!

ವರನ ಊರು ಬ್ಯಾಡಗಿ, ಮನೆತನ ಮೆಣಸಿನಕಾಯಿಯದು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗಬೇಕು? ನಮ್ಮ ಹಿರಿಯರು ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆದವರು. ಉಳ್ಳಾಗಡ್ಡಿ ಮೊದಲು ಎದ್ದು ಹೋಗುತ್ತದೆ, ಮಿಕ್ಕ ಎರಡು ಒಂದಕ್ಕೊಂದು ಜಾಗ ಬಿಟ್ಟುಕೊಂಡು ಕಡೆತನಕ ನಿಲ್ಲುತ್ತವೆ. ಮೊದಲು ಎದ್ದು ಹೋಗುವ ಉಳ್ಳಾಗಡ್ಡಿ ಅಂದರೆ ಮದುವೆ ಮಾಡಿಸುವ ನನ್ನಂಥವನು ಎಂದು ಬೀಗರಿಗೆ ವಿವರಿಸಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಬಣ್ಣ ಜಾಸ್ತಿ, ಖಾರ ಕಮ್ಮಿ. "ನಮ್ಮ ಮನಿ ಮಂದೀನೂ ಹಂಗ ನೋಡ್ರಿ," ಅಂದರು ಬೀಗತಿ, ಕೆಂಪು ಇಳಕಲ್ ಸೀರೆಯ ಸೆರಗು ಸರಿ ಮಾಡಿಕೊಳ್ಳುತ್ತ. ಡಬ್ಬಿ ಮೆಣಸಿನಕಾಯಿಯ ತೋರಣ ಕಟ್ಟಿಸುವ ಆಸೆ ನನಗಿತ್ತು. "ದೃಷ್ಟಿ ತಗಿಯೂ ಸಾಮಾನ ಹಂದರಕ್ಕ ಕಟ್ತೀರೇನು?" ಎಂದು ಮನೆಯ ಅಜ್ಜಿ ಕಣ್ಣು ಬಿಟ್ಟಳು. ತೋರಣ ಅಡಿಗೆಮನೆಗೆ ಹೋಯಿತು, ಬದನೇಕಾಯಿ ಎಣ್ಣೆಗಾಯಿಯಲ್ಲಿ ಸದ್ಗತಿ ಪಡೆಯಿತು.

ಆಮಂತ್ರಣವನ್ನು ಬೀಜದ ಪಾಕೀಟಿನ ಚೀಟಿಯಂತೆ ಮಾಡಿಸಿದೆವು. ಪ್ರಮಾಣಿತ ಬೀಜದ ಚೀಟಿ ನೀಲಿ. ನೀಲಿ ಬಣ್ಣದ ಲಗ್ನಪತ್ರಿಕೆ ಶುಭವಲ್ಲ ಎಂದು ತಕರಾರು ಬಂತು. ಆದರೆ ಎಲ್ಲ ಬೀಜಕ್ಕೂ ಮೂಲವಾದ ತಳಿವರ್ಧಕರ ಬೀಜದ ಚೀಟಿ ಹೊಂಬಣ್ಣದ ಹಳದಿ, ಅಂದರೆ ಅಪ್ಪಟ ಅರಿಷಿಣ. ಜಗಳ ಅಲ್ಲಿಗೇ ಮುಗಿಯಿತು. ತಳಿ ಎನ್ನುವಲ್ಲಿ ಮನೆತನ, ಬಿತ್ತನೆ ಕಾಲ ಎನ್ನುವಲ್ಲಿ ಮುಹೂರ್ತ. ಕರಡು ಓದುತ್ತ ಅತ್ತಿಗೆ ಒಮ್ಮೆಲೆ ಚೀರಿದರು: "ಇದೇನು ಕೆಟ್ಟ ನುಡಿ ಬರಸೀಯಪ್ಪಾ, ಅವಧಿ ಮುಗಿಯುವ ದಿನಾಂಕ ಅಂತ!" ಮಾದರಿ ಚೀಟಿಯನ್ನು ಕಣ್ಣು ಮುಚ್ಚಿ ನಕಲು ಮಾಡಿದ್ದರ ಫಲ. ಆ ಸಾಲಿನ ಜಾಗದಲ್ಲಿ "ಮುಯ್ಯಿ ಬ್ಯಾಡ, ಹರಸಾಕ ಬರ್ರಿ" ಅಂತ ಹಾಕಿಸಿದೆವು.

ಇನ್ನು ಮುಹೂರ್ತ. ತುಳಸಿ ಲಗ್ನ ಮುಗಿದಿತ್ತು, ಹೊಲದಲ್ಲಿ ಕ್ರಾಸಿಂಗಿನ ಕೊನೆಯ ವಾರ ನಡೆದಿತ್ತು. ಮುಂಜಾನೆ ಇಡುವಂತಿಲ್ಲ, ಪರಾಗದ ಹೊತ್ತು. ಸಂಜೆ ಗೋಧೂಳಿಗೂ ಇಲ್ಲ, ಮೊಗ್ಗು ಬಿಡಿಸುವ ಹೊತ್ತು. ಅಣ್ಣನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು ಊಟದ ಕೊನೆಯ ಪಂಕ್ತಿಗೆ ಬರುವುದಲ್ಲ, ಲಗ್ನಕ್ಕೇ ಬರಬೇಕು ಎಂದು ಮದುಮಗಳ ಹಟ. ಪಂಚಾಂಗ ತಿರುವಿದ ಸ್ವಾಮಿಗಳು ಕಡೆಗೆ ಹನ್ನೆರಡೂವರೆಗೆ ಒಪ್ಪಿದರು. ಹೂವಿನ ಮುಹೂರ್ತ ಕೇಳಿ ಮನುಷ್ಯರ ಮುಹೂರ್ತ ಇಟ್ಟದ್ದು ನನ್ನ ನೋಟ್‌ಬುಕ್ಕಿನಲ್ಲಿ ಅದೇ ಮೊದಲು.

ಸುರಗಿ ಸುತ್ತುವುದು ನಮ್ಮ ಕಡೆಯ ಮದುವೆಯ ಜೀವ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂಡಿಸಿ ನೀರು ಹಾಕುತ್ತಾರೆ. ಎಷ್ಟು ಸಲ ನೋಡಿದ್ದೆನೋ, ಆದರೆ ಅಟ್ಟದ ದಾರ ಕೈಗೆ ಬಂದ ಮೇಲೆಯೇ ನನಗೆ ಹೊಳೆದದ್ದು: ದಾರದ ಥೀಮ್ ನಾವು ಹುಡುಕಿದ್ದಲ್ಲ, ನಮ್ಮ ಮದುವೆಯಲ್ಲಿ ಮೊದಲಿನಿಂದಲೂ ಇದ್ದದ್ದು. ಸುರಗಿಯ ನೂಲು, ಕೈಯ ಕಂಕಣ, ತಾಳಿಯ ದಾರ, ಎಲ್ಲ ಒಂದೇ ಎಳೆ. ಆ ದಿನ ಬಿಳಿ ನೂಲಿನ ಜೊತೆಗೆ ಕ್ರಾಸಿಂಗಿನ ಬಣ್ಣದ ದಾರವನ್ನೂ ಸುತ್ತುವುದೆಂದು ಮಾತಾಯಿತು. ಸುತ್ತಬೇಕಾದವರು ಅದನ್ನು ದಿನವೂ ಕಟ್ಟುವವರೇ.

ಐದು ಮಂದಿ ಬಂದರು. ಅವರಲ್ಲಿ ಹಿರಿಯಳು ಮಾತ್ರ ಬಾಗಿಲಲ್ಲೇ ನಿಂತಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು; ಸುರಗಿ ಸುತ್ತುವುದು ಮುತ್ತೈದೆಯರ ಕೆಲಸ. ಯಾರೂ ಅವಳಿಗೆ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಪುಟವೇ ಇರಲಿಲ್ಲ. ಲಗ್ನಪತ್ರಿಕೆಯ ಒಂದು ಸಾಲಿಗೆ ಹೌಹಾರಿದ್ದ ಅತ್ತಿಗೆಯೇ ದಾರದ ಉಂಡೆ ತಗೊಂಡು ಹೋಗಿ ಅವಳ ಕೈಗಿಟ್ಟರು. "ಹೊಲದಾಗ ನೀ ಕಟ್ಟಿದ ದಾರಕ್ಕ ಕಾಯಿ ಹಿಡದಾವ. ಇಲ್ಲಿ ಯಾಕ ಹಿಡಿಯಂಗಿಲ್ಲ? ಬಾರ ಯವ್ವಾ." ಅವಳು ಸೆರಗಿನಿಂದ ಕೈ ಒರೆಸಿಕೊಂಡು ಬಂದಳು. ನಾಲ್ಕು ತಂಬಿಗೆಗೂ ದಾರ ಸುತ್ತುವಾಗ ಒಂದು ಕಡೆಯೂ ಸಡಿಲಾಗಲಿಲ್ಲ, ಒಂದು ಕಡೆಯೂ ಬಿಗಿಯಾಗಲಿಲ್ಲ. ವರ್ಷಗಟ್ಟಲೆ ಎಳೆಯ ತೊಟ್ಟಿಗೆ ದಾರ ಕಟ್ಟಿದ ಬೆರಳುಗಳಲ್ಲವೇ!

ಹಾರ ಹಾವೇರಿಯದು. ಹಾವೇರಿಯ ಹೆಸರು ಹೇಳಿದರೆ ಯಾಲಕ್ಕಿ ಹಾರ ನೆನಪಾಗುತ್ತದೆ, ಯಾಲಕ್ಕಿ ಬೆಳೆಯುವುದು ಮಾತ್ರ ಅಲ್ಲಲ್ಲ. ಅಲ್ಲಿಯ ಪಟವೇಗಾರ ಮನೆತನದವರು ಬಿಳುಪು ಬರಿಸಿದ ಕಾಯಿಗಳನ್ನು ಮಣಿ, ಜರಿ, ರೇಷ್ಮೆ ದಾರದ ಜೊತೆ ಎಳೆ ಎಳೆಯಾಗಿ ಕೂಡಿಸುತ್ತಾರೆ. ಮಂತ್ರಿಗಳ ಕೊರಳಿಗೆ ಬೀಳುವ ಆ ಹಾರ ಅಂದು ನಮ್ಮ ಹುಡುಗಿಯ ಕೊರಳಿಗೆ ಬಿತ್ತು. ಹೂವಿನ ಹಾರ ಮರುದಿನ ಬಾಡುತ್ತದೆ, ಇದರ ಕಂಪು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ತೀರಾ ಅಡಚಣೆ ಬಂದರೆ ಚಹಾಕ್ಕೂ ಆಗುತ್ತದೆ.

ಮನೆ ತುಂಬಿಸಿಕೊಳ್ಳುವಾಗ ಬೀಗರು ಬಾಗಿಲಿಗೆ ಅಡ್ಡ ನಿಂತು ಒಡಪು ಕೇಳಿದರು. ಹುಡುಗಿ ತಡಮಾಡಲಿಲ್ಲ: "ಹತ್ತಿ ಹೊಲದಾಗ ಬಿಳಿ ನೂಲು, ಬ್ಯಾಡಗಿ ಕಣದಾಗ ಕೆಂಪು ಸಾಲು, ಖಾರ ಕಮ್ಮಿ ಅಂತ ಹೇಳಿ ಕೊಟ್ಟಾರ, ನೋಡೂಣು ಇನ್ನ ಮ್ಯಾಲು!" ಕಡೆಗೆ ಗಂಡನ ಹೆಸರು ಹೇಳಿದ್ದು ನಗೆಯಲ್ಲಿ ಯಾರಿಗೂ ಕೇಳಲೇ ಇಲ್ಲ.

ಆ ಮದುವೆಯ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿದೆ. ಹುಗ್ಗಿಯ ಗೋದಿ, ಹಂದರದ ಬಾಡಿಗೆ, ಹಾರದ ಎಳೆ, ಎಲ್ಲಕ್ಕೂ ಖರ್ಚುಂಟು. ಥೀಮ್ ಎಂಬ ಸಾಲಿನ ಮುಂದೆ ಬರೆದಿರುವುದು ಇಷ್ಟೇ: ದಾರದ ಉಂಡೆ, ಮನೆಯದು. ನಿಮ್ಮ ಮನೆಯಲ್ಲಿ ಮದುವೆ ಕೂಡಿ ಬಂದರೆ ಮೊಬೈಲ್ ತೆಗೆದು ಅರಮನೆಯ ಚಿತ್ರ ನೋಡುವ ಮೊದಲು ಒಮ್ಮೆ ಅಟ್ಟ ಹತ್ತಿರಿ. ಏಣಿ ಹಿಡಿಯಲು ನಾನು ಬರುತ್ತೇನೆ.