ಮಗ್ಗುಲ ಸಂಗಾತಿಯ ಗೊರಕೆ

ಪ್ರಯಾಣ ಹೊರಡುವಾಗ ನಾವು ಎಷ್ಟೊಂದು ತಯಾರಿ ಮಾಡಿಕೊಳ್ಳುತ್ತೇವೆ! ಟಿಕೆಟು, ಗುರುತಿನ ಚೀಟಿ, ಮಾತ್ರೆ, ಚಾರ್ಜರು, ದಾರಿಗೆಂದು ಕಟ್ಟಿಕೊಂಡ ತಿಂಡಿ, ಎಲ್ಲವನ್ನೂ ಎರಡೆರಡು ಬಾರಿ ನೋಡಿಕೊಳ್ಳುತ್ತೇವೆ. ಆದರೆ ರಾತ್ರಿ ನಮ್ಮ ಪಕ್ಕದ ಹಾಸಿಗೆಯಲ್ಲಿ ಮಲಗುವವರ ನಿದ್ದೆ ಹೇಗಿರುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಅದು ಗೊತ್ತಾಗುವುದು ದೀಪ ಆರಿಸಿದ ಮೇಲೆಯೇ. ಮೊದಲು ಒಂದು ಸಣ್ಣ ಸೀಟಿ. ಬಳಿಕ ಗರಗಸ. ಆಮೇಲೆ ಇಡೀ ಕೋಣೆಯೇ ಸೌದೆ ಮಿಲ್ಲು.

ನನ್ನ ಮನೆ ಇರುವುದು ಆದಿ ಉಡುಪಿಯಲ್ಲಿ, ಮಲ್ಪೆ ರಸ್ತೆಗೆ ಹತ್ತಿರ. ಮೀನಿನ ಲಾರಿಗಳು ಹೊತ್ತುಗೊತ್ತಿಲ್ಲದೆ ಓಡಾಡುವ ರಸ್ತೆಯದು. ಆ ಸದ್ದಿಗೆ ನಮ್ಮ ಮನೆಯ ಮಗುವೂ ಮಗ್ಗುಲು ಬದಲಿಸುವುದಿಲ್ಲ. ಅಂತಹ ನನಗೆ ಒಬ್ಬ ಮನುಷ್ಯನ ಗೊರಕೆ ಏಕೆ ನಿದ್ದೆ ಕೆಡಿಸಬೇಕು? ಯೋಚಿಸಿ ನೋಡಿದರೆ ಕಾರಣ ಸರಳ. ಲಾರಿ ಬರುತ್ತದೆ, ಹೋಗುತ್ತದೆ. ಕಡಲಿನ ಸದ್ದು ಒಂದೇ ತಾಳದಲ್ಲಿರುತ್ತದೆ. ಗೊರಕೆಗೆ ತಾಳವಿಲ್ಲ. ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ನಿಂತಾಗ ಇನ್ನೊಮ್ಮೆ ಯಾವಾಗ ಬರುತ್ತದೋ ಎಂದು ಕಿವಿ ಕಾಯುತ್ತಾ ಕೂರುತ್ತದೆ. ಜೊತೆಗೆ ಸಣ್ಣ ಸಿಟ್ಟು ಬೇರೆ: 'ನನಗೆ ನಿದ್ದೆಯಿಲ್ಲ, ಇವರು ಮಾತ್ರ ಎಷ್ಟು ಹಾಯಾಗಿ ಮಲಗಿದ್ದಾರೆ!' ನಿಜ ಹೇಳಬೇಕೆಂದರೆ ನಮ್ಮ ನಿದ್ದೆ ಕೆಡಿಸುವುದರಲ್ಲಿ ಅರ್ಧ ಪಾಲು ಗೊರಕೆಯದ್ದು, ಉಳಿದರ್ಧ ಈ ಸಿಟ್ಟಿನದ್ದು.

ಈ ಸಿಟ್ಟಿನ ಬಗ್ಗೆಯೇ ನಿಮ್ಮೊಡನೆ ಸ್ವಲ್ಪ ಮಾತನಾಡಬೇಕೆನಿಸಿದೆ.

ಮದ್ರಸದಲ್ಲಿ ಓದುತ್ತಿದ್ದಾಗ ಕಲಿತ ಒಂದು ಹದೀಸ್ ನಿಮಗೂ ಗೊತ್ತಿರಬಹುದು. ಮೂವರಿಂದ ಲೇಖನಿ ಎತ್ತಲ್ಪಟ್ಟಿದೆ, ಅಂದರೆ ಅವರ ಕೃತ್ಯ ದಾಖಲಾಗುವುದಿಲ್ಲ ಎಂಬ ಹದೀಸ್. ಆ ಮೂವರಲ್ಲಿ ಒಬ್ಬನು ನಿದ್ದೆಯಲ್ಲಿರುವವನು, ಅವನು ಎಚ್ಚರಗೊಳ್ಳುವ ತನಕ. ಅಂದ ಮೇಲೆ ಗೊರಕೆ ಹೊಡೆಯುತ್ತಿರುವವರ ಮೇಲೆ ಆ ಹೊತ್ತಿನಲ್ಲಿ ಯಾವ ಹೊಣೆಯೂ ಇಲ್ಲ. ಕೋಣೆಯಲ್ಲಿ ಹೊಣೆ ಇರುವುದು ಎಚ್ಚರವಿರುವವರ ಮೇಲೆ. ಅಂದರೆ ನನ್ನ ಮೇಲೆ, ನಿಮ್ಮ ಮೇಲೆ. ಗೊರಕೆಯವರ ಸರದಿಯೂ ಇದೆ, ಆದರೆ ಅದು ಅವರು ಮಲಗುವ ಮೊದಲು ಮತ್ತು ಎದ್ದ ನಂತರ.

ಮಲಗುವ ಮೊದಲು ಆ ಹೊಣೆ ನಿಭಾಯಿಸಿದ ಒಬ್ಬ ಹಿರಿಯರನ್ನು ನಾನು ನೋಡಿದ್ದೇನೆ. 2024ರ ಏಪ್ರಿಲ್ 26ರಂದು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಮತದಾನ. ಶಿಕ್ಷಕರಿಗೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲವಷ್ಟೆ. ಮುನ್ನಾದಿನವೇ ಮತಯಂತ್ರಗಳೊಂದಿಗೆ ಕಾರ್ಕಳ ತಾಲೂಕಿನ ಒಂದು ಹಳ್ಳಿ ಶಾಲೆಗೆ ತಲುಪಿದೆವು. ಮತದಾನ ಶುರುವಾಗುವುದು ಬೆಳಿಗ್ಗೆ 7 ಗಂಟೆಗೆ. ಅದಕ್ಕೂ ಒಂದೂವರೆ ಗಂಟೆ ಮೊದಲು, ಅಂದರೆ 5.30ಕ್ಕೆ ಅಣಕು ಮತದಾನ ನಡೆಯಬೇಕು. ನಾಲ್ಕು ಗಂಟೆಗೆಲ್ಲ ಏಳಬೇಕಾದವರಿಗೆ ರಾತ್ರಿಯ ಒಂದೊಂದು ನಿಮಿಷವೂ ಅಮೂಲ್ಯ. ಬೆಂಚುಗಳನ್ನು ಬದಿಗೆ ಸರಿಸಿ, ಸೊಳ್ಳೆ ಬತ್ತಿ ಹಚ್ಚಿ, ನೆಲದ ಮೇಲೆ ಚಾಪೆ ಹಾಸಿದ್ದೆವು. ಆಗ ನಮ್ಮ ಅಧ್ಯಕ್ಷಾಧಿಕಾರಿ, ನಿವೃತ್ತಿಗೆ ಹತ್ತಿರವಿದ್ದ ಹೆಡ್‌ಮಾಸ್ತರರು, ಯಾವ ಸಂಕೋಚವೂ ಇಲ್ಲದೆ ಹೇಳಿದರು:

"ನೋಡಿ ಮಾಸ್ಟ್ರೇ, ನನ್ನ ಗೊರಕೆ ಜೋರುಂಟು ಮಾರಾಯ್ರೆ. ನೀವೆಲ್ಲ ಮೊದಲು ಮಲಗಿ. ನನಗೆ ಹೇಗೂ ಈ ಫಾರಂಗಳನ್ನು ಬರೆಯಲಿಕ್ಕುಂಟು."

ಅವರು ಜಗಲಿಯ ದೀಪದಡಿ ಕುಳಿತು ಲಕೋಟೆಗಳ ಮೇಲೆ ಬರೆಯುತ್ತಿದ್ದರು. ನಾವು ನಿದ್ದೆ ಹೋದದ್ದೇ ಗೊತ್ತಾಗಲಿಲ್ಲ. ಅವರು ಯಾವಾಗ ಬಂದು ಬಾಗಿಲ ಬದಿಯಲ್ಲಿ ಮಲಗಿದರೋ ತಿಳಿಯದು. ಗೊರಕೆ ಖಂಡಿತ ಹೊಡೆದಿರಬೇಕು. ಆದರೆ ಮೊದಲ ಗಾಢ ನಿದ್ದೆ ನಮ್ಮ ಕೈಸೇರಿತ್ತು. ಒಂದು ಮಾತು, ಒಂದು ಗಂಟೆಯ ತಾಳ್ಮೆ, ಅಷ್ಟೇ ಅವರು ಕೊಟ್ಟದ್ದು.

ಎಲ್ಲರಿಗೂ ಹಾಗೆ ಹೇಳಿಕೊಳ್ಳುವ ಧೈರ್ಯ ಇರುವುದಿಲ್ಲ. ಎಷ್ಟೋ ಮಂದಿಗೆ ತಾವು ಗೊರಕೆ ಹೊಡೆಯುವುದೇ ಗೊತ್ತಿರುವುದಿಲ್ಲ. ಕೋಣೆಯಲ್ಲಿರುವ ಎಲ್ಲರಿಗೂ ಕೇಳಿಸುವ ಸದ್ದು ಅದನ್ನು ಮಾಡುವವರ ಕಿವಿಗೆ ಮಾತ್ರ ಬೀಳುವುದಿಲ್ಲ. ಆದ್ದರಿಂದ 'ನಾನು ಗೊರಕೆ ಹೊಡೆಯುವುದಿಲ್ಲ' ಎಂದು ಯಾರೂ ಆಣೆ ಹಾಕುವಂತಿಲ್ಲ. ಸಾಕ್ಷಿ ಬೇರೆಯವರದ್ದೇ ಬೇಕು.

2022ರ ದಸರಾ ರಜೆಯಲ್ಲಿ ನಾವು ಉಮ್ರಾಕ್ಕೆ ಹೋಗಿದ್ದೆವು. ಮಕ್ಕಾದಲ್ಲಿ ಒಂದು ಕೋಣೆಗೆ ನಾಲ್ವರು. ಅವರಲ್ಲೊಬ್ಬರು ಕಾಪು ಕಡೆಯವರು, ಐವತ್ತೈದರ ಆಸುಪಾಸು, ಸಣ್ಣದೊಂದು ಅಂಗಡಿ ಇಟ್ಟುಕೊಂಡವರು. ಎಲ್ಲರ ಸಾಮಾನು ತಾವೇ ಎತ್ತಿಕೊಡುವ, ಎಲ್ಲರಿಗೂ ಚಹಾ ತಂದುಕೊಡುವ ಮನುಷ್ಯ. ಮೊದಲ ರಾತ್ರಿಯೇ ಅವರ ಗೊರಕೆಗೆ ಕೋಣೆ ನಡುಗಿತು. ಮರುದಿನ ನಮ್ಮಲ್ಲೊಬ್ಬ ಯುವಕ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ತಂಡದ ವಾಟ್ಸಾಪ್ ಗ್ರೂಪಿಗೂ ಹಾಕಿದ. ಬೆಳಗಿನ ಉಪಾಹಾರಕ್ಕೆ ಕುಳಿತಾಗ ಒಬ್ಬೊಬ್ಬರದ್ದೂ ಒಂದೊಂದು ನಗೆ. ಮಲ್ಪೆ ಬೋಟಿನ ಇಂಜಿನ್ ಹೀಗೆಯೇ ಅಲ್ಲವೇ ಎಂದು ಯಾರೋ ಅಂದರು. ಅಂದಿನಿಂದ ಅವರ ಹೆಸರು 'ಬೋಟ್ ಕಾಕ' ಎಂದಾಯಿತು. ಅವರೂ ಎಲ್ಲರೊಂದಿಗೆ ನಕ್ಕರು.

ಆ ರಾತ್ರಿಯಿಂದ ಅವರು ಕೋಣೆಗೆ ಬರುವುದನ್ನೇ ಕಡಿಮೆ ಮಾಡಿದರು. ಇಶಾ ಮುಗಿಸಿ ಹರಮ್‌ನಲ್ಲೇ ಉಳಿದುಬಿಡುತ್ತಿದ್ದರು. 'ಮಾಷಾ ಅಲ್ಲಾಹ್, ಎಂತಹ ಇಬಾದತ್' ಎಂದು ತಂಡದವರೆಲ್ಲ ಹೊಗಳಿದರು. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದು ಹೊರಬಂದರೆ, ಹೋಟೆಲಿನ ಕಾರಿಡಾರಿನಲ್ಲಿ ಕುರ್ಚಿಯೊಂದರ ಮೇಲೆ ಕುತ್ತಿಗೆ ವಾಲಿಸಿ ಅವರು ತೂಕಡಿಸುತ್ತಿದ್ದರು. ಭುಜ ಮುಟ್ಟಿದಾಗ ಬೆಚ್ಚಿಬಿದ್ದು, "ಉಸ್ತಾದ್, ಸದ್ದು ಒಳಗೆ ಕೇಳಿಸ್ತಾ?" ಎಂದು ಕೇಳಿದರು.

ಓದುಗರೇ, ಆ ಪ್ರಶ್ನೆ ಕೇಳಿದ ಮೇಲೆ ಗೊರಕೆ ನನಗೆ ತಮಾಷೆಯ ವಿಷಯವಾಗಿ ಉಳಿದಿಲ್ಲ. ಅಲ್ಲಾಹನ ಮನೆಗೆ ಬಂದ ಅತಿಥಿಯೊಬ್ಬರು, ಸ್ವಂತ ದುಡ್ಡು ಕೊಟ್ಟ ಹಾಸಿಗೆಯನ್ನು ಬಿಟ್ಟು ಕುರ್ಚಿಯ ಮೇಲೆ ರಾತ್ರಿ ಕಳೆಯುತ್ತಿದ್ದರು. ಪರರನ್ನು ಗೇಲಿ ಮಾಡಬೇಡಿ, ಅಡ್ಡಹೆಸರಿನಿಂದ ಕರೆಯಬೇಡಿ ಎಂಬ ಆದೇಶ ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿದೆ. ನಾವು ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅನ್ನಿಸಾ ಅಧ್ಯಾಯದ 36ನೇ ಸೂಕ್ತ ತಂದೆತಾಯಿ, ಬಂಧುಗಳು, ಅನಾಥರು, ನೆರೆಯವರು ಎಂದು ಒಬ್ಬೊಬ್ಬರನ್ನೇ ಹೆಸರಿಸಿ ಒಳಿತು ಮಾಡಲು ಹೇಳುವಾಗ 'ಮಗ್ಗುಲಲ್ಲಿರುವ ಸಂಗಾತಿ'ಯನ್ನೂ ಸೇರಿಸುತ್ತದೆ. ಪ್ರಯಾಣದಲ್ಲಿ ಜೊತೆಗಿರುವವನೂ ಅದರಲ್ಲಿ ಸೇರುತ್ತಾನೆ ಎಂದು ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ನೆರೆಮನೆಯವರ ಹಕ್ಕು ನಮಗೆ ಗೊತ್ತು. ನೆರೆ ಹಾಸಿಗೆಯವರದ್ದೂ ಹಕ್ಕೇ.

ಆ ರಾತ್ರಿ ಅವರನ್ನು ಒಳಗೆ ಕರೆತಂದು ಮಲಗಿಸಿದೆ. ಅವರ ಪಕ್ಕ ಎಚ್ಚರವಾಗಿಯೇ ಇದ್ದುದರಿಂದ ಇನ್ನೊಂದು ವಿಷಯ ಗಮನಕ್ಕೆ ಬಂತು. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಕೋಣೆಯೆಲ್ಲ ನಿಶ್ಶಬ್ದ. ನಾನು ಮನಸ್ಸಿನಲ್ಲೇ ಎಣಿಸಿದೆ: ಹತ್ತು, ಹದಿನೈದು, ಇಪ್ಪತ್ತು... ಆಮೇಲೆ ನೀರಿನಿಂದ ಮೇಲೆದ್ದವರಂತೆ ಒಮ್ಮೆಲೇ ಉಸಿರೆಳೆದುಕೊಂಡು ಗೊರಕೆ ಶುರು. ಮತ್ತೆ ಅದೇ. ಗೇಲಿ ಮಾಡಿದವರು ಕೇಳಿಸಿಕೊಂಡದ್ದು ಸದ್ದನ್ನು ಮಾತ್ರ, ನಡುವಿನ ಮೌನವನ್ನಲ್ಲ. ಅಪಾಯ ಇದ್ದದ್ದು ಆ ಮೌನದಲ್ಲಿ.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಉಸಿರಿನ ದಾರಿ ಕಿರಿದಾಗಿ, ಅಲ್ಲಿ ಹಾದುಹೋಗುವ ಗಾಳಿಗೆ ಮೆದು ಅಂಗುಳ, ಕಿರುನಾಲಿಗೆ ಅದುರುತ್ತವೆ. ಅದೇ ಗೊರಕೆ. ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಜಾರುವುದರಿಂದ ಹೆಚ್ಚುತ್ತದೆ. ದೇಹದ ತೂಕ, ಕಟ್ಟಿದ ಮೂಗು, ಧೂಮಪಾನ, ಮದ್ಯ, ಕೆಲವು ನಿದ್ದೆ ಮಾತ್ರೆಗಳು ಇದಕ್ಕೆ ಇಂಬು ಕೊಡುತ್ತವೆ. ಪ್ರಯಾಣದಲ್ಲಿ ದಣಿವು, ನೆಗಡಿ, ಎ.ಸಿ.ಯ ಒಣಗಾಳಿ ಎಲ್ಲವೂ ಕೂಡಿಕೊಳ್ಳುತ್ತವೆ. ಮನೆಯಲ್ಲಿ ಗೊರಕೆ ಹೊಡೆಯದವರೂ ಪ್ರಯಾಣದಲ್ಲಿ ಹೊಡೆಯುವುದಕ್ಕೆ ಇದೇ ಕಾರಣ. ಇಷ್ಟಾದರೆ ಹೆದರುವಂಥದ್ದೇನೂ ಇಲ್ಲ.

ಆದರೆ ಗಂಟಲಿನ ದಾರಿ ಪೂರ್ತಿ ಮುಚ್ಚಿಹೋಗಿ ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಉಸಿರು ಹೀಗೆ ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ ಐದು ಬಾರಿಗಿಂತ ಕಡಿಮೆಯಿದ್ದರೆ ಸಾಮಾನ್ಯ. ಮೂವತ್ತು ದಾಟಿದರೆ ತೀವ್ರ. ರಾತ್ರಿಯಿಡೀ ಮಲಗಿದರೂ ಇಂಥವರಿಗೆ ನಿಜವಾದ ನಿದ್ದೆಯಿಲ್ಲ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಹಗಲೆಲ್ಲ ತೂಕಡಿಕೆ. ರಕ್ತದೊತ್ತಡ, ಹೃದಯದ ತೊಂದರೆಗಳಿಗೂ ಇದಕ್ಕೂ ನಂಟಿದೆ. ವಾಹನ ಓಡಿಸುವವರಾದರೆ ದಾರಿಯಲ್ಲಿರುವ ಎಲ್ಲರಿಗೂ ಅಪಾಯ. ಹಾಯಾಗಿ ಮಲಗಿದ್ದಾರೆ ಎಂದು ನಾವು ಸಿಟ್ಟಾಗುವ ಆ ಮನುಷ್ಯ ಹಲವು ವೇಳೆ ನಮಗಿಂತ ಕಡಿಮೆ ನಿದ್ರಿಸಿರುತ್ತಾರೆ.

ಮರುದಿನ ತವಾಫ್ ಮುಗಿಸಿ ಬರುವಾಗ ಇಬ್ಬರೇ ಇದ್ದೆವು. "ಕಾಕಾ, ನಿಮ್ಮ ಗೊರಕೆಯಿಂದ ನನಗೆ ತೊಂದರೆಯಿಲ್ಲ. ಆದರೆ ನಡುನಡುವೆ ಉಸಿರು ನಿಲ್ಲುತ್ತದೆ. ಊರಿಗೆ ಹೋದ ಕೂಡಲೇ ಡಾಕ್ಟರಿಗೆ ತೋರಿಸಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ಹಜ್ಜಿಗೆ ಹೋಗಬೇಕೆಂದು ಆಸೆಯಿತ್ತು. ಆದರೆ ನಲವತ್ತು ದಿನ ಯಾರ ಜೊತೆ ಮಲಗಲಿ ಉಸ್ತಾದ್?" ಎಂದರು. ಒಂದು ವಾಟ್ಸಾಪ್ ನಗೆಯ ಬೆಲೆ ಎಷ್ಟೆಂದು ನೋಡಿ.

ಊರಿಗೆ ಬಂದ ಮೇಲೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋದರು. ಒಂದು ರಾತ್ರಿ ಮಲಗಿಸಿ ಉಸಿರು, ಆಮ್ಲಜನಕ, ಹೃದಯ ಬಡಿತಗಳನ್ನು ಅಳೆದರು. ಸಿ-ಪ್ಯಾಪ್ ಎಂಬ ಸಣ್ಣ ಯಂತ್ರ ಕೊಟ್ಟರು. ಮೂಗಿಗೆ ಮುಖವಾಡ ಹಾಕಿ, ಗಾಳಿಯ ಒತ್ತಡದಿಂದ ಗಂಟಲ ದಾರಿಯನ್ನು ತೆರೆದಿಡುವ ಯಂತ್ರವದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಸಿದ್ಧಪಡಿಸಿ 1981ರಲ್ಲಿ ಲೋಕಕ್ಕೆ ತಿಳಿಸಿದ ಚಿಕಿತ್ಸೆ. ಇಂದು ಎಷ್ಟೋ ಮನೆಗಳಲ್ಲಿ ಹಾಸಿಗೆಯ ಬದಿಗೇ ಇದೆ. ಅವರ ಮನೆಯಾಕೆ ನನ್ನ ಹೆಂಡತಿಯೊಂದಿಗೆ ಹೇಳಿದರಂತೆ: "ಮೊದಮೊದಲು ಸದ್ದಿಲ್ಲದೆ ನನಗೇ ನಿದ್ದೆ ಬರಲಿಲ್ಲ. ಎದ್ದೆದ್ದು ಉಸಿರು ಉಂಟಾ ಅಂತ ನೋಡ್ತಿದ್ದೆ."

ಮನೆಯ ಹೆಂಗಸರಿಗೆ ಇಲ್ಲೊಂದು ಮಾತು. ಗೊರಕೆಯ ನಡುವಿನ ಮೌನವನ್ನು ಮೊದಲು ಕೇಳುವವರು ನೀವು. ಅದನ್ನು ಡಾಕ್ಟರಿಗೆ ಹೇಳಬೇಕಾದವರೂ ನೀವೇ. ಗೊರಕೆ ಗಂಡಸರದ್ದು ಮಾತ್ರ ಎಂದು ತಿಳಿಯಬೇಡಿ. ಮುಟ್ಟು ನಿಂತ ಬಳಿಕ ಹೆಂಗಸರಲ್ಲೂ ಹೆಚ್ಚುತ್ತದೆ. ನಾಚಿಕೆಯಿಂದ ಮುಚ್ಚಿಡುವುದು ಬೇಡ. ಮಕ್ಕಳು ದಿನವೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ಊದಿರಬಹುದು. ತರಗತಿಯಲ್ಲಿ ತೂಕಡಿಸುವ ಮಗುವನ್ನು ಗದರಿಸುವ ಮುನ್ನ, ರಾತ್ರಿ ಅದರ ನಿದ್ದೆ ಹೇಗೆಂದು ಮನೆಯವರಲ್ಲಿ ಕೇಳುವುದು ನನ್ನಂತಹ ಶಿಕ್ಷಕರ ಕೆಲಸ.

ಇನ್ನು ಪ್ರಯಾಣದ ರಾತ್ರಿಗಳಿಗೆ ಬರೋಣ. ಇಂದ್ರಾಳಿಯಲ್ಲಿ ಮುಂಬೈ ರೈಲು ಹತ್ತಿದವರಿಗೆ ಎದುರು ಬರ್ತಿನವರು ಒಂದೇ ರಾತ್ರಿಯ ಸಂಗಾತಿ. ಅಲ್ಲಿ ಒಂದು ಜೊತೆ ಸ್ಪಂಜಿನ ಕಿವಿಬಿರಟೆ ಇದ್ದರೆ ಸಾಕು. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಹಲವು ದಿನ ಒಂದೇ ಕೋಣೆಯಲ್ಲಿರಬೇಕಾದಾಗ ಬೇಗ ಎಚ್ಚರವಾಗುವವರು ಮೊದಲು ಮಲಗಲಿ, ಗೊರಕೆಯವರು ಅರ್ಧ ಗಂಟೆ ತಡವಾಗಿ. ತಲೆಯ ಭಾಗ ಸ್ವಲ್ಪ ಎತ್ತರವಿರಲಿ. ರಾತ್ರಿಯೂಟ ಹಿತಮಿತವಾಗಿರಲಿ. ಅಂಗಾತ ಮಲಗದಂತೆ ಬೆನ್ನಿಗೊಂದು ದಿಂಬು ಒತ್ತಿಕೊಳ್ಳಲಿ. ಮಗ್ಗುಲಾಗಿ ಮಲಗಿ ಎಂದು ವೈದ್ಯರು ಹೇಳುತ್ತಾರೆ. ಬಲ ಮಗ್ಗುಲಲ್ಲಿ ಮಲಗುವುದನ್ನು ನಮಗೆ ಬಾಲ್ಯದಲ್ಲೇ ಕಲಿಸಿದ್ದಾರೆ, ಅದನ್ನು ರೂಢಿಗೆ ತಂದರಾಯಿತು. ಗೊರಕೆ ಮಿತಿಮೀರಿದಾಗ ಮೆಲ್ಲಗೆ ಭುಜ ಸರಿಸಿ ಮಗ್ಗುಲು ತಿರುಗಿಸಿದರೆ ತಪ್ಪಲ್ಲ. ದಿಂಬು ಎಸೆಯುವುದು, ಮಂಚ ಒದೆಯುವುದು ತಪ್ಪು.

ಹಾಗೆಯೇ ಎಚ್ಚರವಿರುವವರ ಸದ್ದನ್ನೂ ಲೆಕ್ಕ ಹಾಕೋಣ. ಮೂರು ಗಂಟೆಗೆ ಅಲಾರಂ ಇಟ್ಟು ತಾನೊಬ್ಬ ಏಳದೆ ಉಳಿದವರನ್ನೆಲ್ಲ ಏಳಿಸುವವರಿದ್ದಾರೆ. ತಹಜ್ಜುದ್‌ಗೆಂದು ಎದ್ದು ಎಲ್ಲ ದೀಪ ಹಾಕುವವರು, ಪ್ಲಾಸ್ಟಿಕ್ ಚೀಲವನ್ನು ಸರಸರ ತಡಕಾಡುವವರು, ಊರಿಗೆ ಫೋನು ಮಾಡಿ ಗಟ್ಟಿಯಾಗಿ ಮಾತನಾಡುವವರು ಇದ್ದಾರೆ. ಪ್ರವಾದಿ(ಸ)ರು ರಾತ್ರಿ ಬಂದಾಗ, ಮಲಗಿದವರಿಗೆ ಎಚ್ಚರವಾಗದಂತೆ, ಎಚ್ಚರವಿದ್ದವರಿಗೆ ಮಾತ್ರ ಕೇಳಿಸುವಂತೆ ಸಲಾಮ್ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ್ದಾರೆ. ಸಲಾಮ್‌ನಂತಹ ಪ್ರಾರ್ಥನೆಗೂ ದನಿಯ ಅಳತೆ ಇತ್ತು. ಗೊರಕೆಯವರು ನಿದ್ದೆಯಲ್ಲಿದ್ದಾರೆ, ಅವರ ಮೇಲೆ ಲೇಖನಿಯಿಲ್ಲ. ಅಲಾರಂ ಇಟ್ಟವರ ಮೇಲಿದೆ.

ಕಾಪುವಿನ ಕಾಕ ಮೊನ್ನೆ ಸಂತೆಗೆಂದು ಆದಿ ಉಡುಪಿಗೆ ಬಂದವರು ಮನೆಗೂ ಬಂದಿದ್ದರು. ಚಹಾ ಕುಡಿಯುತ್ತಾ, ಹಜ್ಜಿಗೆ ಅರ್ಜಿ ಹಾಕುವ ಮನಸ್ಸಾಗಿದೆ ಎಂದರು. ಯಂತ್ರವನ್ನೂ ಜೊತೆಗೇ ಒಯ್ಯುತ್ತಾರಂತೆ. ಲೋಟ ಕೆಳಗಿಟ್ಟು, ಸ್ವಲ್ಪ ತಡೆದು ಕೇಳಿದರು: "ಉಸ್ತಾದ್, ನಾವು ಒಂದೇ ಕವರಿನಲ್ಲಿ ಅರ್ಜಿ ಹಾಕಿದರೆ ಆಗದೆ? ಕೋಣೆಯೂ ಒಟ್ಟಿಗೇ ಸಿಗಬಹುದು."

ನನ್ನ ಹೆಸರನ್ನೂ ಬರೆಯಲು ಹೇಳಿದ್ದೇನೆ. ಇನ್‌ಷಾ ಅಲ್ಲಾಹ್.