ಮೊಣಕೈ ಒಂದೇ, ನೋವು ಹಲವು

ವಿಶಾಖಪಟ್ಟಣದ ನಮ್ಮ ಮನೆಯಲ್ಲಿ ನೋವು ಮೊದಲು ಕಾಣಿಸಿಕೊಂಡದ್ದು ಕಾಫಿಯ ಲೋಟ ಎತ್ತುವಾಗ. ನೋವು ನಮ್ಮಿಬ್ಬರಲ್ಲಿ ಒಬ್ಬರ ಬಲ ಮೊಣಕೈಯದು. ನಿದ್ದೆಗೆಟ್ಟವರು ಮಾತ್ರ ಇಬ್ಬರೂ. ಬಾಗಿಲ ಚಿಲಕ ತಿರುಗಿಸಲು, ಬಾಣಲೆ ಇಳಿಸಲು, ಬಾಚಣಿಗೆ ಹಿಡಿಯಲು ಸಹ ಒಬ್ಬರು ಇನ್ನೊಬ್ಬರನ್ನು ಕರೆಯಬೇಕಾಯಿತು. ಎಣ್ಣೆ ಹಚ್ಚಿದೆವು, ಬಿಸಿನೀರಿನ ಶಾಖ ಕೊಟ್ಟೆವು, ಸಮುದ್ರದ ತೇವದ ಗಾಳಿಯನ್ನು ದೂರಿದೆವು. ಮೂರು ತಿಂಗಳು ಕಳೆದರೂ ನೋವು ಕದಲಲಿಲ್ಲ.

‘ಇದು ಸಚಿನ್‌ಗೆ ಬಂದದ್ದೇ’ ಎಂದು ನೆರೆಮನೆಯ ಹುಡುಗ ತೀರ್ಪಿತ್ತ. ಈ ಊರಿನವರಿಗೆ 2005ರ ಏಪ್ರಿಲ್ 5ರ ಪಂದ್ಯ ಮರೆಯುವಂಥದಲ್ಲ. ಪಾಕಿಸ್ತಾನದ ವಿರುದ್ಧ ಧೋನಿ 148 ರನ್ ಬಾರಿಸಿದ ಆ ದಿನ ತೆಂಡೂಲ್ಕರ್ 2 ರನ್ನಿಗೆ ರನೌಟ್ ಆಗಿದ್ದರು. ಮರುತಿಂಗಳು ಲಂಡನ್ನಿನಲ್ಲಿ ಅವರ ಎಡ ಮೊಣಕೈಗೆ ಶಸ್ತ್ರಚಿಕಿತ್ಸೆ ನಡೆಯಿತು. ಆದರೆ ನಮ್ಮ ಮನೆಯಲ್ಲಿ ಬ್ಯಾಟು ಹಿಡಿದವರೇ ಇಲ್ಲವಲ್ಲ!

ಕೊನೆಗೆ ಕಂಡ ವೈದ್ಯರು ಎಕ್ಸ್‌ರೇ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿದರು: ‘ಈ ಕೈ ದಿನವಿಡೀ ಏನು ಮಾಡುತ್ತದೆ?’ ನಾವು ಪರಸ್ಪರ ಮುಖ ನೋಡಿಕೊಂಡೆವು. ಬಟ್ಟೆ ಒಗೆಯುವ ಯಂತ್ರ ಕೆಟ್ಟು ಬಹಳ ಕಾಲವಾಗಿತ್ತು. ರಿಪೇರಿಯನ್ನು ಮುಂದೂಡುತ್ತ, ಹೊದಿಕೆಗಳನ್ನೂ ಕೈಯಲ್ಲೇ ಹಿಂಡುತ್ತಿದ್ದೆವು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳ ರಜ್ಜು ಮೊಣಕೈಯ ಹೊರಬದಿಯ ಎಲುಬಿಗೆ ಅಂಟಿಕೊಂಡಿರುತ್ತದೆ. ಹಿಂಡುವಾಗ, ಬಿಗಿಯಾಗಿ ಹಿಡಿಯುವಾಗ ಎಳೆತವೆಲ್ಲ ಅಲ್ಲಿಗೇ ಬೀಳುತ್ತದೆ. ಎಳೆತ ದಿನವೂ ಮರುಕಳಿಸಿ, ದುರಸ್ತಿಗೆ ಬಿಡುವು ಸಿಗದಿದ್ದರೆ ರಜ್ಜಿನ ಎಳೆಗಳು ಸವೆಯುತ್ತವೆ. ವೈದ್ಯರು ಮುಷ್ಟಿಯನ್ನು ಮೇಲೆತ್ತಲು ಹೇಳಿ ತಾವು ಕೆಳಕ್ಕೆ ಒತ್ತಿದರು. ನೋವಿನ ಜಾಗ ತಾನಾಗಿ ಕೂಗಿ ಹೇಳಿತು. ಟೆನಿಸ್ ಎಲ್ಬೋ ಎಂದು ಇದಕ್ಕೆ ಹೆಸರಾದರೂ, 1873ರಲ್ಲಿ ಜರ್ಮನ್ ವೈದ್ಯ ರುಂಗೆ ಇದನ್ನು ಮೊದಲು ವಿವರಿಸಿದ್ದು ಬರೆಯುವವರ ಕೈಸೆಳೆತದ ಕುರಿತ ಬರಹದಲ್ಲಿ. ಬರೆಯುವ ಬಳಗದ ನಮಗೆ ಇದು ಸಣ್ಣ ಸಮಾಧಾನ.

ಸ್ಟೀರಾಯ್ಡ್ ಸೂಜಿ ಕೆಲವು ವಾರ ಹಾಯೆನಿಸಿದರೂ ವರ್ಷದ ಕೊನೆಗೆ ಫಲ ಚೆನ್ನಾಗಿರುವುದಿಲ್ಲವೆಂದು ವೈದ್ಯರು ಬಿಡಿಸಿ ಹೇಳಿದರು. ಹಿಂಡುವುದನ್ನು ನಿಲ್ಲಿಸಿದೆವು. ಸಣ್ಣ ತೂಕ ಹಿಡಿದು ಮಣಿಕಟ್ಟನ್ನು ಮೆಲ್ಲಗೆ ಇಳಿಸುವ ವ್ಯಾಯಾಮ ದಿನಚರಿಯಾಯಿತು. ಎಂಟು ತಿಂಗಳಲ್ಲಿ ನೋವು ಹೋಯಿತು. ಜೊತೆಗೆ, ಮೊಣಕೈಯ ವಿಷಯವೆಲ್ಲ ನಮಗೆ ಗೊತ್ತೆಂಬ ಗರ್ವವೂ ಬಂತು.

ಆ ಗರ್ವಕ್ಕೆ ಬೆಲೆ ತೆತ್ತವರು ವಿಜಯವಾಡದ ದೊಡ್ಡಣ್ಣ. ಅಲ್ಲಿ ಅವರದೊಂದು ಪುಟ್ಟ ಉಡುಪಿ ಹೋಟೆಲು. ‘ನಿಮ್ಮ ರೋಗ ನನಗೂ ಅಂಟಿತು ಮಾರಾಯ್ರೆ’ ಎಂದು ಅವರು ಫೋನಿನಲ್ಲಿ ನಕ್ಕಾಗ ನಾವು ಅದೇ ವ್ಯಾಯಾಮ, ಅದೇ ಪಟ್ಟಿಯನ್ನು ಹೇಳಿದೆವು. ಕಿರುಬೆರಳು ಜೋಮು ಹಿಡಿಯುತ್ತದೆಂದು ಅವರು ಎರಡು ಸಲ ಹೇಳಿದ್ದರು. ‘ವಯಸ್ಸಾಯಿತಲ್ಲ ಅಣ್ಣ’ ಎಂದು ನಾವೂ ನಕ್ಕೆವು.

ಐದು ತಿಂಗಳ ಮೇಲೆ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು, ಸುಮಾರು 350 ಕಿಲೋಮೀಟರ್ ದಾಟಿ ಅವರಲ್ಲಿಗೆ ಹೋದೆವು. ಅಣ್ಣ ಗಲ್ಲಾದಲ್ಲಿ ಕುಳಿತಿದ್ದರು. ಬಲ ಮೊಣಕೈ ಕಲ್ಲಿನ ಮೇಜಿನಂಚಿಗೆ ಊರಿತ್ತು, ಫೋನು ಕಿವಿಗೆ ಒತ್ತಿತ್ತು. ಗಿರಾಕಿಗೆ ಕೊಡುವ ನಾಣ್ಯ ಬೆರಳಿಂದ ಜಾರಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ದಪ್ಪ ಮಾಂಸ ಗುಳಿಬಿದ್ದಿತ್ತು. ನಮ್ಮ ಎದೆ ಧಸಕ್ಕೆಂದಿತು.

ಅದು ರಜ್ಜಿನ ನೋವಾಗಿರಲಿಲ್ಲ. ಮೊಣಕೈಯ ಒಳಬದಿಯ ಎಲುಬಿನ ಹಿಂದೆ ಅಲ್ನಾರ್ ನರ ಚರ್ಮಕ್ಕೆ ತೀರ ಹತ್ತಿರ ಹಾಯುತ್ತದೆ. ಅಲ್ಲಿ ತಾಗಿದಾಗಲೇ ನಮಗೆ ಕರೆಂಟ್ ಹೊಡೆದಂತಾಗುವುದು. ಕೈ ಮಡಚಿ ಊರಿ ಕುಳಿತ ಗಂಟೆಗಳೆಲ್ಲ ಆ ನರವನ್ನು ಎಳೆದು ಒತ್ತುತ್ತಿದ್ದವು. ಕಿರುಬೆರಳು, ಉಂಗುರಬೆರಳ ಅರ್ಧ ಮತ್ತು ಅಂಗೈಯ ಸಣ್ಣ ಸ್ನಾಯುಗಳು ಅದರ ಅಧೀನ. ನರದ ಪರೀಕ್ಷೆಯಾಗಿ ಶಸ್ತ್ರಚಿಕಿತ್ಸೆಯೂ ಆಯಿತು. ಜೋಮು ಬಹುಪಾಲು ಇಳಿಯಿತು. ಸೊರಗಿದ ಸ್ನಾಯುವಿನ ಬಲ ಪೂರ್ತಿ ಮರಳಲಿಲ್ಲ.

ಮೊಣಕೈ ತುದಿಯಲ್ಲಿ ಲಿಂಬೆಹಣ್ಣಿನಂತೆ ಊತ ಬಂದರೆ ಅದು ನೀರುಚೀಲದ ತೊಂದರೆಯಿರಬಹುದು. ಕೀಲು ಬಿಗಿದು ಹಿಡಿದರೆ ಸಂಧಿವಾತವಿರಬಹುದು. ಕತ್ತು ತಿರುಗಿಸಿದಾಗ ನೋವು ಹೆಚ್ಚಿದರೆ ಮೂಲ ಕತ್ತಿನ ನರದಲ್ಲಿರಬಹುದು. ಎದೆಭಾರ, ಬೆವರಿನೊಡನೆ ತೋಳು ನೋಯುತ್ತಿದ್ದರೆ ಮೊಣಕೈಯನ್ನು ಮರೆತು ತಕ್ಷಣ ಆಸ್ಪತ್ರೆಗೆ ಓಡಬೇಕು. ಜೋಮು ಮತ್ತು ಬಲಹೀನತೆ ಕಾಯುವ ಲಕ್ಷಣಗಳಲ್ಲ. ಇವನ್ನೆಲ್ಲ ನಾವು ಕಲಿತದ್ದು ತಡವಾಗಿ, ಅದೂ ಅಣ್ಣನ ಕೈಯ ಖರ್ಚಿನಲ್ಲಿ.

ಪರವೂರಿನಲ್ಲಿರುವ ನಾವು ದೂರದ ಫೋನಿನಲ್ಲೇ ಬಂಧುಗಳ ಕ್ಷೇಮ ವಿಚಾರಿಸುತ್ತೇವೆ, ಅದೇ ಉಸಿರಿನಲ್ಲಿ ಮದ್ದನ್ನೂ ಹೇಳಿಬಿಡುತ್ತೇವೆ. ವೈದ್ಯರು ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಾವು ಅಣ್ಣನನ್ನು ಕೇಳಲೇ ಇಲ್ಲ.

ಕಳೆದ ಸಲ ಹೋದಾಗ ಸಂಜೆ ಪ್ರಕಾಶಂ ಬ್ಯಾರೇಜಿನ ಮೇಲೆ ನಡೆದೆವು. ಆಲಮಟ್ಟಿಯನ್ನು ದಾಟಿ ಬಂದ ಕೃಷ್ಣೆ ಕೆಳಗೆ ತುಂಬಿ ನಿಂತಿದ್ದಳು. ನಾವು ಕ್ಷಮೆಯ ಮಾತು ತೆಗೆಯುವಷ್ಟರಲ್ಲಿ ಅಣ್ಣ ತಡೆದರು: ‘ಬಿಡಿ, ಈಗ ಎಡಗೈಯಲ್ಲಿ ಚಿಲ್ಲರೆ ಎಣಿಸಲು ಕಲಿತಿದ್ದೇನೆ.’ ಮರುದಿನ ನೋಡಿದರೆ ಗಲ್ಲಾದ ಮೇಜಿನಂಚಿಗೆ ಮಡಚಿದ ಟವೆಲು ಹಾಸಿತ್ತು; ಮೊಣಕೈ ಅದರ ಮೇಲೂ ಇರಲಿಲ್ಲ.